ಮೇಷ್ಟ್ರ ಕೆಂಪು ಶಾಯಿ ವಿಕಿಪೀಡಿಯಕ್ಕೂ ಬೇಕು

"ಕನ್ನಡ ವಿಕಿಪೀಡಿಯಕ್ಕೆ ಒಂದು ಲೇಖನ ಬರೆದುಕೊಡಿ ಸಾರ್" ಎಂದು ಅಧ್ಯಾಪಕರನ್ನು ಕೇಳಿದರೆ ಬರುವ ಉತ್ತರ, "ಪುರುಸೊತ್ತಾದಾಗ ನೋಡೋಣ." ಮೈಸೂರಿನ ಬನ್ನಿಮಂಟಪದಲ್ಲಿ ನೆಲೆಸಿ, ಸಸ್ಯಶಾಸ್ತ್ರ ಪಾಠ ಮಾಡುತ್ತ, ಸಹೋದ್ಯೋಗಿಗಳನ್ನು ಈ ಕೆಲಸಕ್ಕೆ ಹಚ್ಚಲು ಓಡಾಡಿದ ನನಗೆ ಮನದಟ್ಟಾದದ್ದು ಇಷ್ಟು: ಬರೆಯಿರಿ ಅನ್ನುವುದಕ್ಕಿಂತ ತಿದ್ದಿಕೊಡಿ ಅನ್ನಬೇಕು. ತಪ್ಪು ಕಣ್ಣಿಗೆ ಬಿದ್ದ ಮೇಲೆ ಮೇಷ್ಟ್ರುಗಳು ಸುಮ್ಮನಿರುವುದಿಲ್ಲ.

ವಿಜಯದಶಮಿಯ ಜಂಬೂಸವಾರಿ ಬಂದು ಮುಟ್ಟುವ ಜಾಗ ನಮ್ಮದು. ದಸರೆ ಹತ್ತಿರವಾದಾಗ ಬನ್ನಿ ಮರದ ಬಗ್ಗೆ ವಿದ್ಯಾರ್ಥಿಯೊಬ್ಬ ಬರೆದಿದ್ದ ಕರಡನ್ನು ಹಿರಿಯ ಸಹೋದ್ಯೋಗಿಯೊಬ್ಬರ ಮುಂದಿಟ್ಟೆ. ಬನ್ನಿ, ಬಳ್ಳಾರಿ ಜಾಲಿ ಎರಡೂ ಒಂದೇ ಕುಲದವು ಎಂದು ಅದರಲ್ಲಿತ್ತು. ಮೇಡಂ ಪೆನ್ನು ತೆಗೆದೇಬಿಟ್ಟರು. "ಇದು ಹಳೇ ಮಾತು ಕಣ್ರೀ. 2022ರಲ್ಲೇ ಆ ಕುಲಾನ ಒಡೆದಿದ್ದಾರೆ." ಬನ್ನಿ ಪ್ರೊಸೊಪಿಸ್ ಸಿನೆರೇರಿಯ ಆಗಿಯೇ ಉಳಿದಿದೆ, ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ಈಗ ನೆಲ್ಟುಮ ಕುಲದ್ದು. ಡಿಎನ್‌ಎ ಅಧ್ಯಯನದಲ್ಲಿ ಇವು ಬೇರೆ ಬೇರೆ ಕವಲುಗಳೆಂದು ಗೊತ್ತಾಗಿದೆ. ಮುಳ್ಳು ನೋಡಿದರೂ ತಿಳಿಯುತ್ತದೆ: ಬನ್ನಿಯದು ಗಿಣ್ಣು ಗಿಣ್ಣುಗಳ ನಡುವೆ ಚದುರಿರುತ್ತದೆ, ಜಾಲಿಯದು ಗಿಣ್ಣಿನಲ್ಲೇ ಹುಟ್ಟುತ್ತದೆ. ಇಷ್ಟನ್ನೂ ಅವರು ನಿಂತಲ್ಲೇ ಹೇಳಿದರು, ಸಂಶೋಧನಾ ಪ್ರಬಂಧವನ್ನೂ ಹುಡುಕಿಕೊಟ್ಟರು. ಲೇಖನ ಬರೆಯಿರಿ ಎಂದಿದ್ದರೆ ಇದರಲ್ಲಿ ಒಂದು ಸಾಲೂ ಸಿಗುತ್ತಿರಲಿಲ್ಲ.

ವಿಕಿಪೀಡಿಯ ಆಧಾರ ಕೇಳಿದಾಗ ಬರುವ ತೊಡಕು ಅಭಿಮಾನದ್ದು. "ಜೀವಮಾನವೆಲ್ಲ ಇದನ್ನೇ ಪಾಠ ಮಾಡಿದ್ದೀನಿ, ನನ್ನನ್ನೇ ಆಧಾರ ಕೇಳ್ತಾರಾ?" ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಬರೆದವರು ಯಾರೆಂದು ಓದುಗನಿಗೆ ಗೊತ್ತಿರುವುದಿಲ್ಲ. ಅವನಿಗೆ ಕಾಣುವುದು ಕೆಳಗಿನ ಉಲ್ಲೇಖ ಮಾತ್ರ. ಪಿಎಚ್‌ಡಿ ವಿದ್ಯಾರ್ಥಿಯನ್ನು ನಾವು ಕೇಳುವುದೂ ಅದನ್ನೇ ಅಲ್ಲವೇ ಎಂದರೆ ಬಹುಪಾಲು ಜನ ಒಪ್ಪುತ್ತಾರೆ. ಇನ್ನೂ ಪ್ರಕಟವಾಗದ ತಮ್ಮ ಸಂಶೋಧನೆಯನ್ನು ಅಲ್ಲಿ ಹಾಕುವಂತಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ತಮ್ಮದೇ ಪ್ರಬಂಧವನ್ನು ಉಲ್ಲೇಖಿಸುವ ಆಸೆಯಿದ್ದರೆ ಅದನ್ನು ಚರ್ಚೆ ಪುಟದಲ್ಲಿ ಸೂಚಿಸಿ, ತೀರ್ಮಾನವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು.

ಮೈಸೂರಿಗೆ ಈ ಕೆಲಸ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ; ಒಟ್ಟು 14 ಸಂಪುಟಗಳು. ಅವುಗಳ ಹಿಂದೆ ಇದ್ದವರು ನಮ್ಮಂಥ ಅಧ್ಯಾಪಕರೇ. 2014ರಲ್ಲಿ ವಿಶ್ವವಿದ್ಯಾನಿಲಯ ಆರು ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಇದನ್ನು ನಾನು ದೊಡ್ಡ ಔದಾರ್ಯವೆಂದೇ ಭಾವಿಸುತ್ತೇನೆ. ಆದರೆ ದಶಕಗಳ ಹಿಂದಿನ ಆ ಬರಹಗಳಲ್ಲಿ ಯಾವುದು ಇಂದಿಗೂ ನಿಲ್ಲುತ್ತದೆ, ಯಾವುದು ಬದಲಾಗಿದೆ ಎಂದು ವಿಷಯ ಬಲ್ಲವರು ನೋಡಿಕೊಡಬೇಕು. ಅದನ್ನು ವಿದ್ಯಾರ್ಥಿಗಳ ಹೆಗಲಿಗೆ ಹಾಕಿ ಕೈತೊಳೆದುಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ.

ವೈದ್ಯಕೀಯ ಪಾಠ ಹೇಳುವ ಗೆಳೆಯರೊಬ್ಬರ ಮುಂದೆ ಹಾವು ಕಡಿತದ ವಿಷಯ ಎತ್ತಿದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು ಅಧ್ಯಯನವೊಂದು ಅಂದಾಜಿಸಿದೆ. 2024ರಲ್ಲಿ ನಮ್ಮ ರಾಜ್ಯ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹೊಲದಲ್ಲಿ ಹಾವು ಕಡಿದಾಗ ಮನೆಯವರು ಫೋನಿನಲ್ಲಿ ಹುಡುಕುವುದು ಕನ್ನಡದಲ್ಲಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ರಕ್ತ ಹೀರಬೇಡಿ, ಕಡಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು ಬೇಗ ಆಸ್ಪತ್ರೆಗೆ ಕರೆತನ್ನಿ: ಈ ನಾಲ್ಕು ಮಾತು ಆಧಾರದೊಂದಿಗೆ ವಿಕಿಪೀಡಿಯದಲ್ಲಿರಬೇಕು ಎಂದೆ. ಡಾಕ್ಟರು ಅಂದೇ ರಾತ್ರಿ ಬರೆದು ಕಳಿಸಿದರು. ಬರೆದದ್ದು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ. ಅದನ್ನು ಯುನಿಕೋಡ್‌ಗೆ ಬದಲಾಯಿಸುವ ಕೆಲಸ ನನ್ನದಾಯಿತು. ಇಂಥ ಕೈಕೆಲಸಕ್ಕೆ ಪಕ್ಕದಲ್ಲೊಬ್ಬರು ಇದ್ದರೆ ಹಿರಿಯರು ಹಿಂಜರಿಯುವುದಿಲ್ಲ.

ಬಡ್ತಿಯ ಲೆಕ್ಕದಲ್ಲಿ ಈ ದುಡಿಮೆಗೆ ಬೆಲೆಯಿಲ್ಲ ಎಂಬ ದೂರನ್ನು ಎಲ್ಲರಿಂದಲೂ ಕೇಳಿದ್ದೇನೆ, ಅದು ನ್ಯಾಯವೇ. ಪ್ರಾಂಶುಪಾಲರಿಗೆ ನನ್ನ ಕೋರಿಕೆ ಸಣ್ಣದು: ವಾರಕ್ಕೊಂದು ಗಂಟೆ ವೇಳಾಪಟ್ಟಿಯಲ್ಲಿ ಬಿಡಿ, ಸ್ಟಾಫ್ ರೂಮಿನ ಒಂದು ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಸರಿಮಾಡಿಸಿ, ತಿದ್ದಿದ ಪುಟಗಳ ಹೆಸರು ವಿಭಾಗದ ವಾರ್ಷಿಕ ವರದಿಯಲ್ಲಿ ಬರಲಿ.