ಜರ್ಮನರ ಹೆಸರುಗಳ ಕಥೆ

1894ರಲ್ಲಿ ಪ್ರಕಟವಾದ ಕನ್ನಡ ನಿಘಂಟಿನಿಂದಾಗಿ ಫರ್ಡಿನಾಂಡ್ ಕಿಟ್ಟೆಲರ ಹೆಸರು ನಮಗೆ ಚಿರಪರಿಚಿತವಾಗಿದೆ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರನ್ನೂ ನಾವು ಬಲ್ಲೆವು. ಈ ಜರ್ಮನ್ ವಿದ್ವಾಂಸರ ಉಪಕಾರವನ್ನು ಸ್ಮರಿಸುವ ನಾವು ಅವರ ಹೆಸರುಗಳ ಅರ್ಥವೇನೆಂದು ಎಂದಾದರೂ ವಿಚಾರಿಸಿರುವೆವೆ?

ಪ್ರಾಚೀನ ಜರ್ಮನ್ ಜನರು ಬಹುಮಟ್ಟಿಗೆ ಎರಡು ಪದಗಳನ್ನು ಕೂಡಿಸಿ ಹೆಸರಿಡುತ್ತಿದ್ದರು. ‘ಹೆರಿ’ ಎಂದರೆ ಸೈನ್ಯ, ‘ಮನ್’ ಎಂದರೆ ಮನುಷ್ಯ. ಹೆರ್ಮನ್ ಎಂದರೆ ಯೋಧ. ಫ್ರೀಡ್ರಿಖ್ ಎಂಬಲ್ಲಿ ಶಾಂತಿಯೂ ಒಡೆತನವೂ, ವಿಲ್‌ಹೆಲ್ಮ್ ಎಂಬಲ್ಲಿ ಸಂಕಲ್ಪವೂ ಶಿರಸ್ತ್ರಾಣವೂ, ಗೆರ್ಟ್ರೂಡ್ ಎಂಬ ಸ್ತ್ರೀನಾಮದಲ್ಲಿ ಈಟಿಯೂ ಬಲವೂ ಸೇರಿವೆ. ಆದರೆ ಇವನ್ನೆಲ್ಲ ನಮ್ಮ ಸಮಾಸಗಳಂತೆ ವಿಗ್ರಹಿಸಹೊರಟರೆ ಎಡವುವೆವು. ಫ್ರೀಡೆಗುಂಡ್ ಎಂಬ ಹೆಸರಿನ ಪೂರ್ವಾರ್ಧಕ್ಕೆ ಶಾಂತಿಯೆಂದೂ ಉತ್ತರಾರ್ಧಕ್ಕೆ ಯುದ್ಧವೆಂದೂ ಅರ್ಥ! ಇದಕ್ಕೆ ಕಾರಣವುಂಟು. ಹಿರಿಯರ ಹೆಸರಿನ ಒಂದು ತುಣುಕನ್ನು ಮಗುವಿಗೆ ಉಳಿಸಿಕೊಡುವುದು ಅವರ ವಾಡಿಕೆಯಾಗಿತ್ತು. ಹಳೆಯ ಜರ್ಮನ್ ವೀರಗೀತೆಯೊಂದರಲ್ಲಿ ತಾತ ಹೆರಿಬ್ರಾಂಡ್, ಮಗ ಹಿಲ್ಡೆಬ್ರಾಂಡ್, ಮೊಮ್ಮಗ ಹಾಡುಬ್ರಾಂಡ್. ಹೆಸರು ಕೇಳಿದೊಡನೆ ಕುಲವು ತಿಳಿಯುತ್ತಿತ್ತು.

ಕೆಲವು ಹೆಸರುಗಳು ದೇಶಾಂತರವನ್ನೂ ಕಂಡವು. ಫರ್ಡಿನಾಂಡ್ ಎಂಬುದರ ಉತ್ತರಾರ್ಧಕ್ಕೆ ಧೈರ್ಯವೆಂಬ ಅರ್ಥವಿದೆ. ಗಾಥ್ ಎಂಬ ಜನಾಂಗದೊಡನೆ ಸ್ಪೇನಿಗೆ ಹೋದ ಈ ಹೆಸರು, 1503ರಲ್ಲಿ ಅಲ್ಲಿ ಹುಟ್ಟಿ ಮುಂದೆ ಜರ್ಮನ್ ಚಕ್ರವರ್ತಿಯಾದ ಒಂದನೆಯ ಫರ್ಡಿನಾಂಡನ ವಂಶದ ಮೂಲಕ ಮರಳಿ ಜರ್ಮನರಲ್ಲಿ ನೆಲೆಸಿತು.

ಸುಮಾರು ಹನ್ನೆರಡನೆಯ ಶತಮಾನದಿಂದೀಚೆಗೆ ಕ್ರೈಸ್ತ ಸಂತರ ಹೆಸರುಗಳು ಹೆಚ್ಚಾಗಿ ಬಳಕೆಗೆ ಬಂದವು. ಹೀಬ್ರೂ, ಗ್ರೀಕ್, ಲ್ಯಾಟಿನ್ ಮೂಲದ ಈ ಹೆಸರುಗಳು ಜನರ ನಾಲಗೆಯಲ್ಲಿ ಸವೆದು ಹೊಸ ರೂಪ ತಳೆದವು. ನಮ್ಮ ಶ್ರೀನಿವಾಸನು ಸೀನನಾದಂತೆ ಯೊಹಾನೆಸ್ ಎಂಬುದು ಹಾನ್ಸ್ ಆಯಿತು, ನಿಕೊಲಾಸ್ ಕ್ಲಾಸ್ ಆದನು, ಮಾರ್ಗರೇಟೆ ಗ್ರೇಟೆಯಾದಳು. 1812ರಲ್ಲಿ ಗ್ರಿಮ್ ಸೋದರರು ಪ್ರಕಟಿಸಿದ ಕಥೆಯ ಹೆನ್ಸೆಲ್ ಮತ್ತು ಗ್ರೇಟೆಲರು ಈ ಹಾನ್ಸ್ ಮತ್ತು ಗ್ರೇಟೆಯರೇ. ಕೊನೆಯ ‘ಎಲ್’ ಮುದ್ದಿನ ಪ್ರತ್ಯಯ. ಹಳೆಯ ಹೆಸರುಗಳಿಗೂ ಇದೇ ಗತಿಯಾಯಿತು: ಫ್ರೀಡ್ರಿಖ್ ಫ್ರಿಟ್ಸ್ ಆದನು, ಹೈನ್ರಿಖ್ ಹೈನ್ಸ್ ಆದನು.

ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಭಕ್ತಿಪರ ಪ್ರಾಟೆಸ್ಟಂಟರು ಸ್ವಂತ ನುಡಿಯಲ್ಲೇ ದೇವರನ್ನು ನೆನೆಯುವ ಗಾಟ್‌ಲೀಬ್, ಗಾಟ್‌ಹೋಲ್ಡ್, ಟ್ರೌಗಾಟ್ ಮುಂತಾದ ಹೆಸರುಗಳನ್ನು ಮೆಚ್ಚಿದರು. ‘ಗಾಟ್’ ಎಂದರೆ ದೇವರು. 1756ರಲ್ಲಿ ಜನಿಸಿದ ಸಂಗೀತಗಾರ ಮೊಟ್ಸಾರ್ಟನಿಗೆ ಇಟ್ಟ ಹೆಸರುಗಳಲ್ಲಿ ಥಿಯೊಫಿಲಸ್ ಎಂಬುದೂ ಒಂದು. ಆ ಗ್ರೀಕ್ ಹೆಸರಿಗೆ ಗಾಟ್‌ಲೀಬ್ ಎಂಬುದು ಜರ್ಮನ್ ರೂಪ, ಅಮಾಡೆಯುಸ್ ಎಂಬುದು ಲ್ಯಾಟಿನ್ ರೂಪ.

ಹೆಸರು ಕೇವಲ ಶಬ್ದವಲ್ಲವೆಂಬುದನ್ನು ಜರ್ಮನರ ಚರಿತ್ರೆಯೇ ಕಠೋರವಾಗಿ ಕಲಿಸಿದೆ. 1938ರ ಆಗಸ್ಟಿನಲ್ಲಿ ನಾಜಿ ಸರ್ಕಾರವು ಒಂದು ಆಜ್ಞೆಯನ್ನು ಹೊರಡಿಸಿತು. ಸರ್ಕಾರದ ಪಟ್ಟಿಯಲ್ಲಿನ ‘ಯೆಹೂದ್ಯ ಹೆಸರು’ ಇಲ್ಲದ ಯೆಹೂದ್ಯ ಗಂಡಸರು ತಮ್ಮ ಹೆಸರಿಗೆ ‘ಇಸ್ರೇಲ್’ ಎಂದೂ ಹೆಂಗಸರು ‘ಸಾರಾ’ ಎಂದೂ 1939ರ ಜನವರಿ 1ರಿಂದ ಸೇರಿಸಿಕೊಳ್ಳಬೇಕಾಯಿತು. ತಾಯಿತಂದೆಯರು ಅಕ್ಕರೆಯಿಂದಿಟ್ಟ ಹೆಸರುಗಳ ನಡುವೆ ಅಧಿಕಾರವು ಹೀಗೆ ತನ್ನ ಮುದ್ರೆಯನ್ನೊತ್ತಿತು. ಅವರನ್ನು ನೆರೆಹೊರೆಯಿಂದ ಬೇರ್ಪಡಿಸಿ ಗುರುತಿಸುವುದೇ ಅದರ ಉದ್ದೇಶ. ಅದೇ ಕಾಲದ ಸರ್ವಾಧಿಕಾರಿಯ ಹೆಸರಾದ ಅಡಾಲ್ಫ್‌ಗೆ ‘ಶ್ರೇಷ್ಠ ತೋಳ’ವೆಂದು ಅರ್ಥ. ಶತಮಾನಗಳ ಆ ಹಳೆಯ ಹೆಸರನ್ನು 1945ರ ತರುವಾಯ ಜರ್ಮನರು ಮಕ್ಕಳಿಗಿಡುವುದನ್ನು ಬಹುತೇಕ ಬಿಟ್ಟರು. ಹೀಬ್ರೂ ಮೂಲದ ನೋವಾ ಎಂಬುದಾದರೋ ಇತ್ತೀಚಿನ ವರ್ಷಗಳಲ್ಲಿ ಅಲ್ಲಿಯ ಗಂಡುಮಕ್ಕಳ ಅತ್ಯಂತ ಜನಪ್ರಿಯ ಹೆಸರುಗಳಲ್ಲೊಂದಾಗಿದೆ.

ಮಿತ್ರರೇ, ತರಗತಿಯಲ್ಲಿ ಹಾಜರಿ ಕರೆಯುವಾಗ ಕೇಳಿಬರುವ ಒಂದೊಂದು ಹೆಸರಿನ ಹಿಂದೆಯೂ ಇಂತಹ ಒಂದು ಪಯಣವಿದೆ. ನಿಮ್ಮ ಹೆಸರಿನ ಅರ್ಥವನ್ನೂ ಅದನ್ನು ಇಟ್ಟವರ ಆಸೆಯನ್ನೂ ಮನೆಯ ಹಿರಿಯರಿಂದ ಕೇಳಿ ತಿಳಿಯಿರಿ. ಪಕ್ಕದಲ್ಲಿ ಕುಳಿತವರ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸಲು ಕಲಿಯಿರಿ. ಹೆಸರನ್ನು ಗೌರವಿಸುವುದೆಂದರೆ ಅದನ್ನು ಹೊತ್ತವರನ್ನು ಗೌರವಿಸುವುದೇ ಆಗಿದೆ.