ತೊಟ್ಟಿಕ್ಕುವ ನಲ್ಲಿ: ನಾವೇ ಸರಿಪಡಿಸೋಣ

ಮಕ್ಕಳೇ, ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲುಮನೆಯಿಂದ 'ತೊಟ್... ತೊಟ್...' ಎಂಬ ಸದ್ದು ಕೇಳಿದ್ದೀರಾ? "ಹೋಗಿ ನಲ್ಲಿ ಸರಿಯಾಗಿ ನಿಲ್ಲಿಸಿ ಬಾ" ಎಂದು ಅಮ್ಮ ಹೇಳುತ್ತಾರೆ. ನೀವು ಬಲವಾಗಿ ತಿರುಗಿಸುತ್ತೀರಿ. ಸದ್ದು ನಿಲ್ಲುತ್ತದೆ. ನಾಲ್ಕು ದಿನ ಕಳೆದರೆ ಮತ್ತೆ ಅದೇ ಸದ್ದು! ಹೀಗೇಕೆ? ಇದನ್ನು ತಿಳಿಯಲು ನಲ್ಲಿಯ ಒಳಗೆ ಇಣುಕಬೇಕು. ಅದಕ್ಕೂ ಮೊದಲು, ಒಂದು ಹನಿಯ ಬೆಲೆ ಏನೆಂದು ನಮ್ಮ ಹೆಸರಘಟ್ಟದ ಕೆರೆಯನ್ನೇ ಕೇಳೋಣ.

ಕೆರೆ ಹೇಳುವ ಪಾಠ

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನದಿಗೆ ಅಡ್ಡಲಾಗಿ 1894ರಲ್ಲಿ ಹೆಸರಘಟ್ಟದ ಜಲಾಶಯವನ್ನು ಕಟ್ಟಿದರು. ಆಗ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಈ ಯೋಜನೆಗೆ 'ಚಾಮರಾಜೇಂದ್ರ ವಾಟರ್ ವರ್ಕ್ಸ್' ಎಂದು ಹೆಸರು. ಕೆರೆಯ ನೀರು ಇಟ್ಟಿಗೆ ಕಾಲುವೆಯಲ್ಲಿ ತಾನಾಗಿ ಹರಿದು ಸೋಲದೇವನಹಳ್ಳಿಗೆ ಬರುತ್ತಿತ್ತು. ಅಲ್ಲಿ ಉಗಿಯಂತ್ರಗಳು ಅದನ್ನು ಮೇಲೆತ್ತಿ ಬೆಂಗಳೂರಿನ ಕಡೆಗೆ ಕಳುಹಿಸುತ್ತಿದ್ದವು. ನಗರದ ನಲ್ಲಿಗಳಿಗೆ ಮೊದಲು ನೀರು ಕೊಟ್ಟದ್ದು ನಮ್ಮೂರಿನ ಕೆರೆಯೇ!

ಆದರೆ 1920ರ ದಶಕದಲ್ಲಿ ಮಳೆ ಕೈಕೊಟ್ಟು ಕೆರೆ ಬತ್ತಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂತು. ಅದೂ ಸಾಲದೆ 1974ರಿಂದ ಕಾವೇರಿಯ ನೀರು ಬರತೊಡಗಿತು. ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳಿಂದ ಏರಿಸಿ ತರಬೇಕು. ಇತ್ತ ಅರ್ಕಾವತಿಯ ಹರಿವು ಕುಗ್ಗಿ, ಹೆಸರಘಟ್ಟದ ಕೆರೆಯಂಗಳ ಎಷ್ಟೋ ವರ್ಷ ಒಣಗಿಯೇ ಇತ್ತು. ಒಂದು ನಗರಕ್ಕೇ ನೀರು ಕೊಟ್ಟ ಕೆರೆಯೂ ಬತ್ತಬಲ್ಲದು. ಹಾಗಿರುವಾಗ ಕೊಳವೆಬಾವಿಯ ನೀರು ಬತ್ತದೇ?

ಅಳೆದು ನೋಡಿ

ಬೇಕಾಗುವ ವಸ್ತುಗಳು: ಒಂದು ಲೋಟ, ಔಷಧಿ ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳ, ಗಡಿಯಾರ.

ತೊಟ್ಟಿಕ್ಕುವ ನಲ್ಲಿಯ ಕೆಳಗೆ 10 ನಿಮಿಷ ಲೋಟ ಇಡಿ. ಬಿದ್ದ ನೀರನ್ನು ಮುಚ್ಚಳದಿಂದ ಅಳೆಯಿರಿ. 50 ಮಿ.ಲೀ. ಸಿಕ್ಕಿತು ಎಂದುಕೊಳ್ಳೋಣ. ಆಗ,

1 ಗಂಟೆಗೆ 50 × 6 = 300 ಮಿ.ಲೀ.
1 ದಿನಕ್ಕೆ 300 × 24 = 7,200 ಮಿ.ಲೀ., ಅಂದರೆ 7.2 ಲೀಟರ್
30 ದಿನಕ್ಕೆ 7.2 × 30 = 216 ಲೀಟರ್

12 ಲೀಟರ್ ಹಿಡಿಯುವ ಬಿಂದಿಗೆಯಾದರೆ ತಿಂಗಳಿಗೆ 18 ಬಿಂದಿಗೆ ನೀರು! ಅಳೆದ ನೀರನ್ನು ಚೆಲ್ಲಬೇಡಿ, ಗಿಡಕ್ಕೆ ಹಾಕಿ.

ನಲ್ಲಿಯ ಒಳಗೆ ಏನಿದೆ?

ತಿರುಗಿಸುವ ನಲ್ಲಿಯ ಹಿಡಿಯ ಕೆಳಗೆ ಒಂದು ತಿರುಪು ಇರುತ್ತದೆ. ಇದನ್ನು ಸ್ಪಿಂಡಲ್ ಎನ್ನುತ್ತಾರೆ. ಅದರ ತುದಿಯಲ್ಲಿ ಚಿಕ್ಕ ಬಿಲ್ಲೆಯಂತಹ ರಬ್ಬರ್ ತುಂಡು ಇರುತ್ತದೆ. ಇದೇ ವಾಷರ್. ಹಿಂದೆ ಇದನ್ನು ಚರ್ಮದಿಂದಲೂ ಮಾಡುತ್ತಿದ್ದರು. ನಲ್ಲಿ ನಿಲ್ಲಿಸಿದಾಗ ತಿರುಪು ಕೆಳಗಿಳಿದು, ನೀರು ಬರುವ ರಂಧ್ರದ ಮೇಲೆ ವಾಷರನ್ನು ಒತ್ತುತ್ತದೆ. ಲೋಹದ ಮೇಲೆ ಲೋಹ ಕೂತರೆ ಸಣ್ಣ ಸಂದು ಉಳಿಯುತ್ತದೆ. ರಬ್ಬರ್ ಮೆತ್ತಗಿರುವುದರಿಂದ ಆ ಸಂದನ್ನು ತುಂಬುತ್ತದೆ. ವಾಷರ್ ಸವೆದರೆ, ಸೀಳಿದರೆ ಅಥವಾ ಗಟ್ಟಿಯಾದರೆ ನೀರು ನುಸುಳುತ್ತದೆ.

ಎಷ್ಟು ಬಲ ಬೇಕು?

ನಲ್ಲಿಗಿಂತ 5 ಮೀಟರ್, ಅಂದರೆ 500 ಸೆಂ.ಮೀ. ಎತ್ತರದವರೆಗೆ ಟ್ಯಾಂಕಿನಲ್ಲಿ ನೀರಿದೆ ಎನ್ನೋಣ. 1 ಚದರ ಸೆಂ.ಮೀ. ಜಾಗದ ಮೇಲೆ 500 ಸೆಂ.ಮೀ. ಎತ್ತರದ ನೀರು ನಿಂತರೆ ಅದರ ತೂಕ 500 ಗ್ರಾಂ. ಅರ್ಧ ಅಂಗುಲದ ರಂಧ್ರದ ವಿಸ್ತೀರ್ಣ ಸುಮಾರು 1.3 ಚದರ ಸೆಂ.ಮೀ. ಹಾಗಾದರೆ ವಾಷರಿನ ಮೇಲೆ ನೀರಿನ ಒತ್ತು 500 × 1.3 = 650 ಗ್ರಾಂ ತೂಕದಷ್ಟು. ಅರ್ಧ ಲೀಟರ್ ನೀರಿನ ಬಾಟಲಿಗಿಂತ ತುಸು ಹೆಚ್ಚು, ಅಷ್ಟೇ!

ತಿರುಪು ಒಂದು ಸರಳ ಯಂತ್ರ ಎಂದು ಓದಿದ್ದೀರಿ. ಅದು ಕಂಬಕ್ಕೆ ಸುತ್ತಿದ ಇಳಿಜಾರು. ನಂದಿಬೆಟ್ಟಕ್ಕೆ ನೇರವಾಗಿ ಹತ್ತುವುದು ಕಷ್ಟ, ಸುತ್ತು ರಸ್ತೆಯಲ್ಲಿ ಸುಲಭ. ದಾರಿ ಉದ್ದವಾದಷ್ಟೂ ಶ್ರಮ ಕಡಿಮೆ. ಹಾಗೆಯೇ ನಲ್ಲಿಯ ಹಿಡಿ ಒಂದು ಸುತ್ತು ಬಂದರೆ ವಾಷರ್ ಕೆಲವೇ ಮಿಲಿಮೀಟರ್ ಸರಿಯುತ್ತದೆ. ಆದ್ದರಿಂದ ನಿಮ್ಮ ಕೈಯ ಸಣ್ಣ ಬಲವೂ ಒಳಗೆ ಹಲವು ಪಟ್ಟು ಹೆಚ್ಚುತ್ತದೆ. ಮೈಬಲವೆಲ್ಲ ಹಾಕಿ ತಿರುಗಿಸಿದರೆ ವಾಷರ್ ಜಜ್ಜಿಹೋಗುತ್ತದೆ. ಈಗ ತಿಳಿಯಿತೇ? ತೊಟ್ಟಿಕ್ಕುವುದನ್ನು ನಿಲ್ಲಿಸಲು ನಾವು ಬಿಗಿಯುವ ಬಲವೇ ವಾಷರನ್ನು ಇನ್ನಷ್ಟು ಹಾಳುಮಾಡುತ್ತದೆ.

ಸರಿಪಡಿಸುವ ವಿಧಾನ

ಈ ಕೆಲಸವನ್ನು ಅಪ್ಪ, ಅಮ್ಮ ಅಥವಾ ಬೇರೆ ಹಿರಿಯರ ಜೊತೆಯಲ್ಲೇ ಮಾಡಿ. ಒಂದು ಸ್ಪ್ಯಾನರ್, ಹಳೆಯ ಬಟ್ಟೆ ಮತ್ತು ಹೊಸ ವಾಷರ್ ಬೇಕು. ಹಳೆಯ ವಾಷರನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ.

1. ಟ್ಯಾಂಕಿನಿಂದ ಬರುವ ಪೈಪಿನ ಗೇಟ್ ವಾಲ್ವ್ ಮುಚ್ಚಿ. ಇದನ್ನು ಮರೆತರೆ ನೀರು ಚಿಮ್ಮುತ್ತದೆ!
2. ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಬಕೆಟ್‌ಗೆ ಬಿಡಿ.
3. ಹಿಡಿಯ ಕೆಳಗಿನ ದೊಡ್ಡ ನಟ್‌ಗೆ ಬಟ್ಟೆ ಸುತ್ತಿ, ಸ್ಪ್ಯಾನರ್‌ನಿಂದ ಎಡಕ್ಕೆ ತಿರುಗಿಸಿ ಬಿಚ್ಚಿ. ನಲ್ಲಿಯ ಕೆಳಭಾಗವನ್ನು ಇನ್ನೊಂದು ಕೈಯಿಂದ ಹಿಡಿದಿರಬೇಕು. ಇಲ್ಲದಿದ್ದರೆ ಪೈಪಿಗೆ ಪೆಟ್ಟಾದೀತು.
4. ಸ್ಪಿಂಡಲ್ ಹೊರತೆಗೆದು, ಹಳೆಯ ವಾಷರನ್ನು ಬಿಡಿಸಿ.
5. ರಂಧ್ರದ ಅಂಚಿನಲ್ಲಿ ಮರಳು, ಕಸ ಇದ್ದರೆ ಒರೆಸಿ. ಬೆರಳಿಗೆ ತರಚು ತಾಗದೆ ನುಣುಪಾಗಿರಬೇಕು.
6. ಹೊಸ ವಾಷರ್ ಹಾಕಿ, ಬಿಚ್ಚಿದ ಕ್ರಮಕ್ಕೆ ಹಿಂದುಮುಂದಾಗಿ ಜೋಡಿಸಿ.
7. ಗೇಟ್ ವಾಲ್ವನ್ನು ನಿಧಾನವಾಗಿ ತೆರೆದು ನೋಡಿ.

ಇನ್ನೂ ತೊಟ್ಟಿಕ್ಕುತ್ತಿದೆಯೇ? ರಂಧ್ರದ ಅಂಚು ಸವೆದಿರಬಹುದು. ಆಗ ಪ್ಲಂಬರ್ ಬರಬೇಕು, ಇಲ್ಲವೇ ನಲ್ಲಿ ಬದಲಾಯಿಸಬೇಕು.

ಎಚ್ಚರಿಕೆ: ಗೀಸರ್‌ಗೆ ಸೇರಿದ ನಲ್ಲಿಯನ್ನು ಬಿಚ್ಚಬೇಡಿ. ಕಾಲು ಸುತ್ತಿಗೇ ತೆರೆಯುವ ಹೊಸ ಬಗೆಯ ನಲ್ಲಿಯ ಒಳರಚನೆ ಬೇರೆ. ಅದಕ್ಕೆ ಈ ವಿಧಾನ ಹೊಂದುವುದಿಲ್ಲ.

ಮಕ್ಕಳೇ, ಇಂದಿನಿಂದ ನಲ್ಲಿಯನ್ನು ಹನಿ ನಿಲ್ಲುವಷ್ಟು ಮಾತ್ರ ತಿರುಗಿಸಿ. ನಿಲ್ಲದಿದ್ದರೆ ಇನ್ನಷ್ಟು ಬಿಗಿಯಬೇಡಿ, ವಾಷರ್ ನೋಡಿ. ಬತ್ತಿದ ಕೆರೆಯನ್ನು ತುಂಬಿಸಲು ಮಳೆ ಬರಬೇಕು. ಆದರೆ ಸೋರುವ ನಲ್ಲಿಯನ್ನು ನಿಲ್ಲಿಸಲು ನಮ್ಮ ಕೈ ಸಾಕು.

ಮಾಡಿ ನೋಡಿ, ಯೋಚಿಸಿ

1. ನಿಮ್ಮ ಶಾಲೆಯಲ್ಲಿ ಎಷ್ಟು ನಲ್ಲಿಗಳಿವೆ? ಅವುಗಳಲ್ಲಿ ಎಷ್ಟು ತೊಟ್ಟಿಕ್ಕುತ್ತಿವೆ? ಪಟ್ಟಿ ಮಾಡಿ, ತಿಂಗಳಿಗೆ ಪೋಲಾಗುವ ನೀರನ್ನು ಲೆಕ್ಕ ಹಾಕಿ.
2. ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ವಾಷರಿನ ಮೇಲೆ ಎಷ್ಟು ಒತ್ತು ಬೀಳುತ್ತದೆ?
3. ನಿಮ್ಮ ಮನೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ? ಅಜ್ಜ ಅಜ್ಜಿ ಚಿಕ್ಕವರಿದ್ದಾಗ ಎಲ್ಲಿಂದ ತರುತ್ತಿದ್ದರು? ಕೇಳಿ ಬರೆಯಿರಿ.