ನಮ್ಮ ಕರಾವಳಿಯ ಆದಿ ಕ್ರೈಸ್ತ ಕುಟುಂಬಗಳೂ ಅವುಗಳ ಹೆಸರುಗಳೂ

ಒಂದು ಸೀಮೆಯ ಚರಿತ್ರೆಯನ್ನು ಅರಿಯಬೇಕಾದರೆ ಅರಸರ ಶಾಸನಗಳನ್ನೂ ಸರಕಾರದ ಕಡತಗಳನ್ನೂ ಶೋಧಿಸಿದರೆ ಸಾಲದು. ಆ ಸೀಮೆಯ ಮನೆಗಳಲ್ಲಿ ಮಕ್ಕಳ ಹೆಸರಿನೊಡನೆ ಯಾವ ಮನೆತನದ ನಾಮವು ಸೇರಿಬರುತ್ತದೆ, ಅದು ಯಾರಿಂದ ಯಾರಿಗೆ ಬಂತು ಎಂಬುದನ್ನೂ ವಿಚಾರಿಸತಕ್ಕದ್ದು. ತುಳುನಾಡಿನ ಯಾವುದಾದರೊಂದು ಮಿಶನ್ ಶಾಲೆಯ ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ ಬಂಗೇರ, ಕುಂದರ್, ಕೋಟ್ಯಾನ್, ಅಂಚನ್ ಎಂಬ ಹೆಸರುಗಳೂ ಡಿಸೋಜ, ಪಿಂಟೊ, ಲೋಬೊ ಎಂಬ ಹೆಸರುಗಳೂ ಒಂದೇ ಪುಟದಲ್ಲಿ ಕಾಣಸಿಗುವುವು. ದಿನವೂ ಕರೆಯಲ್ಪಡುವ ಕಾರಣ ಇವುಗಳ ಅರ್ಥವನ್ನು ನಾವು ಯೋಚಿಸುವುದಿಲ್ಲ. ಆದರೆ ಇವುಗಳಲ್ಲಿ ಪ್ರತಿಯೊಂದೂ ಒಂದು ಚಿಕ್ಕ ಚರಿತ್ರೆ. ಅದನ್ನು ಓದುವ ಕ್ರಮವನ್ನು ನಮ್ಮ ವಿದ್ಯಾರ್ಥಿನಿಯರಿಗೆ ತಿಳಿಸುವುದೇ ಈ ಪಾಠದ ಉದ್ದೇಶವಾಗಿದೆ.

೧. ಹಿಂದೆ ಬಂದು ನೆಲಸಿದವರು

ಕರಾವಳಿಯ ಕ್ರೈಸ್ತರಲ್ಲಿ ದೊಡ್ಡ ಸಮುದಾಯವಾಗಿ ಮೊದಲು ನೆಲಸಿದವರು ಗೋವೆಯಿಂದ ಬಂದ ಕೊಂಕಣಿ ಮಾತಾಡುವ ಕಥೋಲಿಕರು. ಹದಿನಾರನೆಯ ಮತ್ತು ಹದಿನೇಳನೆಯ ಶತಮಾನಗಳಲ್ಲಿ ಯುದ್ಧ, ಬರಗಾಲ, ಕಂದಾಯದ ಹೊರೆ, ಧರ್ಮವಿಚಾರಣೆಯ ಭಯ ಮೊದಲಾದ ಕಾರಣಗಳಿಂದ ಅವರು ತಂಡತಂಡವಾಗಿ ದಕ್ಷಿಣಕ್ಕೆ ಬಂದು ಭೂಮಿಯನ್ನು ಸಾಗುಮಾಡಿ ಬಾಳಿದರು. ಅವರ ಪೂರ್ವಿಕರಿಗೆ ದೀಕ್ಷಾಸ್ನಾನದ ಸಮಯದಲ್ಲಿ ಪೋರ್ತುಗೀಸ್ ಮನೆತನಗಳ ಹೆಸರುಗಳು ದೊರೆತಿದ್ದುವು. ಆದರೂ ಪ್ರಭು, ಕಾಮತ್, ಶೆಟ್ ಎಂಬ ಹಳೆಯ ಹೆಸರುಗಳನ್ನು ಮರೆಯದೆ ಕಾಪಾಡಿಕೊಂಡ ಮನೆಗಳೂ ಉಂಟು. ೧೭೮೪ರಲ್ಲಿ ಟೀಪು ಸುಲ್ತಾನನು ಇವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ೧೭೯೯ರಲ್ಲಿ ಸೆರೆಯಿಂದ ಬಿಡುಗಡೆಯಾದವರು ಹಿಂದಿರುಗಿ ಬಂದು ತಮ್ಮ ಮನೆಮಾರುಗಳನ್ನು ಪುನಃ ಕಟ್ಟಿಕೊಂಡರು.

ಪ್ರಾಟೆಸ್ಟಂಟ್ ಸಭೆಗಳ ಆರಂಭವು ಇದಕ್ಕಿಂತ ಈಚಿನದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಮಿಶನ್ ಸಂಘವು, ಇಂಗ್ಲೀಷರಲ್ಲದ ಮಿಶನರಿಗಳಿಗೂ ಈ ದೇಶದಲ್ಲಿ ಕೆಲಸಮಾಡಲು ೧೮೩೩ರ ಕಾಯಿದೆಯಿಂದ ದಾರಿ ತೆರೆದ ಮೇಲೆ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಕಳುಹಿಸಿತು. ಅವರು ೧೮೩೪ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಕಲ್ಲಿಕೋಟೆಯಲ್ಲಿಳಿದು ಅದೇ ತಿಂಗಳ ಕೊನೆಯಲ್ಲಿ ಮಂಗಳೂರನ್ನು ಸೇರಿದರು. ಅನಂತರ ಮೋಗ್ಲಿಂಗ್, ವೈಗ್ಲೆ, ಅಮ್ಮನ್ ಮುಂತಾದವರು ಬಂದರು. ಇವರ ಹೆಸರುಗಳನ್ನು ಪುಸ್ತಕಗಳು ನಮಗೆ ಹೇಳುತ್ತವೆ. ಇವರ ಮಾತನ್ನು ಕೇಳಿ ಹೊಸ ದಾರಿಯಲ್ಲಿ ಹೆಜ್ಜೆಯಿಟ್ಟ ತುಳುನಾಡಿನ ಗಂಡಸರೂ ಹೆಂಗಸರೂ ಯಾರು? ನಮಗೆ ಹೆಚ್ಚು ಮುಖ್ಯವಾದ ಪ್ರಶ್ನೆಯು ಇದೇ.

೨. ಹಳೆಯ ಮನೆಯಿಂದ ಹೊಸ ವಸತಿಗೆ

ಸಭೆಗೆ ಸೇರಿದವರಲ್ಲಿ ಬಹುಮಂದಿ ಮೂಲ್ಕಿ, ಉಡುಪಿ, ಮಂಗಳೂರು ಸೀಮೆಗಳ ಬಿಲ್ಲವರಾಗಿದ್ದರು. ಬೇರೆ ಜಾತಿಗಳಿಂದ ಬಂದವರೂ ಇದ್ದರು. ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾಯ ಕೌಂಡಿನ್ಯರು ೧೮೪೪ರ ಜನವರಿಯಲ್ಲಿ ದೀಕ್ಷಾಸ್ನಾನ ಹೊಂದಿದರು. ಮುಂದೆ ಬಾಸೆಲಿಗೆ ಹೋಗಿ ಕಲಿತು ಬಂದು ಬೋಧಕರಾದರು.

ಧರ್ಮಾಂತರವೆಂದರೆ ಆ ಕಾಲದಲ್ಲಿ ಆರಾಧನೆಯನ್ನು ಬದಲಿಸುವುದು ಮಾತ್ರವಾಗಿರಲಿಲ್ಲ. ಚಾಲಗೇಣಿಯ ಒಕ್ಕಲಾಗಿದ್ದವನನ್ನು ಧಣಿಯು ಮನಸ್ಸು ಬಂದಾಗ ಎಬ್ಬಿಸಬಹುದಾಗಿತ್ತು. ಕಳ್ಳಿನ ಮೂರ್ತೆಯನ್ನು ನಂಬಿ ಬದುಕುತ್ತಿದ್ದವನು ಆ ಕಸುಬನ್ನು ಬಿಟ್ಟರೆ ಕೈಯಲ್ಲಿ ಬೇರೆ ಕೆಲಸವಿರಲಿಲ್ಲ. ಭೂತದ ಸೇವೆಗೆ ಕೂಡದವನಿಗೆ ಕುಟುಂಬದ ಮನೆಯ ಪಂಕ್ತಿಯಲ್ಲಿ ಎಲೆ ಹಾಕುತ್ತಿರಲಿಲ್ಲ. ಧರ್ಮವನ್ನು ಬದಲಿಸಿದ ಮಾತ್ರಕ್ಕೆ ಯಾರ ಆಸ್ತಿಯ ಹಕ್ಕೂ ತಪ್ಪಬಾರದೆಂದು ೧೮೫೦ರಲ್ಲಿ ಕಾಯಿದೆಯೇನೋ ಆಯಿತು. ಆದರೆ ಅಳಿಯಸಂತಾನದ ಕುಟುಂಬದ ಆಸ್ತಿಯು ಆಗ ಸರ್ವರ ಒಪ್ಪಿಗೆಯಿಲ್ಲದೆ ಪಾಲಾಗುವಂಥದಾಗಿರಲಿಲ್ಲ. ಪಾಲು ಕೇಳುವ ಅವಕಾಶವು ೧೯೪೯ರ ಮದ್ರಾಸ್ ಅಳಿಯಸಂತಾನ ಕಾಯಿದೆಯಿಂದಲೇ ಉಂಟಾದುದು. ಆದುದರಿಂದ ಹಕ್ಕು ಕಾಗದದಲ್ಲಿ ಉಳಿದರೂ ಅನೇಕರಿಗೆ ತಲೆಯ ಮೇಲಿನ ಸೂರು ಉಳಿಯಲಿಲ್ಲ.

ಇಂಥವರಿಗೆ ವಸತಿಯನ್ನೂ ಉದ್ಯೋಗವನ್ನೂ ಒದಗಿಸುವ ಭಾರವು ಮಿಶನಿನ ಮೇಲೆ ಬಿತ್ತು. ೧೮೪೦ರಲ್ಲಿ ಅಂದಿನ ಕಲೆಕ್ಟರರಾದ ಬ್ಲೇರ್ ಎಂಬವರು ಬಲ್ಮಠದ ಆಸ್ತಿಯನ್ನು ಮಿಶನಿಗೆ ದಾನವಾಗಿ ಕೊಟ್ಟಿದ್ದರು. ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಣಾಲಯವು ಆರಂಭವಾಯಿತು. ೧೮೪೩ರ ಜುಲೈ ಒಂದನೆಯ ತಾರೀಕಿನಲ್ಲಿ ಮೋಗ್ಲಿಂಗರ 'ಮಂಗಳೂರ ಸಮಾಚಾರ'ವು ಹೊರಟದ್ದು ಇಲ್ಲಿಂದಲೇ. ೧೮೫೧ರಲ್ಲಿ ಬಂದ ಹಾಲರ್ ಎಂಬವರು ಸುಧಾರಿಸಿದ ಮಗ್ಗಗಳಿಂದ ನೆಯ್ಗೆಯ ಕೆಲಸವನ್ನು ಬೆಳೆಸಿದರು. ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಹೀಗೆ ಮೂರ್ತೆಯವನ ಮಗನು ಅಚ್ಚುಮೊಳೆ ಜೋಡಿಸುವವನಾದನು, ಒಕ್ಕಲಿನವನ ಮಗನು ನೇಕಾರನಾದನು, ನದೀತೀರದ ಆವೆಮಣ್ಣು ಹಂಚಾಯಿತು. ಬಲ್ಮಠ ಮತ್ತು ಜೆಪ್ಪಿನ ಮಿಶನ್ ಹಿತ್ತಲುಗಳಲ್ಲಿ ಸಾಲುಮನೆಗಳು ಎದ್ದು ಹೊಸ ನೆರೆಕರೆಯು ಹುಟ್ಟಿಕೊಂಡಿತು. ಈ ವಸತಿಗಾರರೇ ಇಂದಿನ ಅನೇಕ ಕುಟುಂಬಗಳ ಮೂಲಪುರುಷರೂ ಮೂಲಸ್ತ್ರೀಯರೂ ಆಗಿದ್ದಾರೆ.

೩. ಬರಿ ಎಂಬುದರ ವಿಚಾರ

ಈಗ ಹೆಸರಿನ ವಿಷಯಕ್ಕೆ ಬರೋಣ. ತುಳುವಿನಲ್ಲಿ ಬರಿ ಎಂದೂ ಕನ್ನಡದಲ್ಲಿ ಬಳಿ ಎಂದೂ ಕರೆಯಲ್ಪಡುವ ವಂಶವಿಭಾಗಗಳು ಬಿಲ್ಲವ, ಮೊಗವೀರ, ಬಂಟ ಮೊದಲಾದ ಜಾತಿಗಳಲ್ಲಿ ಉಂಟು. ಒಂದೇ ಬರಿಯವರು ತಮ್ಮೊಳಗೆ ಮದುವೆಯಾಗಬಾರದು. ಅಳಿಯಸಂತಾನದ ಕಟ್ಟಿನ ಪ್ರಕಾರ ಮಗುವಿಗೆ ಸೇರುವುದು ತಾಯಿಯ ಬರಿಯೇ ಹೊರತು ತಂದೆಯದಲ್ಲ. ಕುಟುಂಬದ ಆಸ್ತಿಯೂ ಹಿಂದೆ ಸ್ತ್ರೀಸಂತತಿಯನ್ನೇ ಅನುಸರಿಸುತ್ತಿತ್ತು. ಬಾರಕೂರಿನ ಭೂತಾಳ ಪಾಂಡ್ಯನ ಕಾಲದಲ್ಲಿ ಕುಂಡೋದರನೆಂಬ ಭೂತಕ್ಕೆ ಬಲಿ ಕೊಡಲು ಅರಸನ ಹೆಂಡತಿ ತನ್ನ ಮಕ್ಕಳನ್ನು ಒಪ್ಪಿಸದಿರಲು, ತಂಗಿಯು ತನ್ನ ಮಗನನ್ನು ಒಪ್ಪಿಸಿದಳೆಂದೂ ಅಂದಿನಿಂದ ಈ ಕಟ್ಟಳೆಯು ನಡೆದುಬಂತೆಂದೂ ಜನರು ಹೇಳುವ ಐತಿಹ್ಯವು ಪ್ರಸಿದ್ಧವಾಗಿದೆ.

ದೀಕ್ಷಾಸ್ನಾನವಾದ ಮೇಲೆ ಕೆಲವು ಕುಟುಂಬಗಳು ಸತ್ಯವೇದದ ಹೆಸರುಗಳನ್ನೇ ಮನೆತನದ ಹೆಸರುಗಳನ್ನಾಗಿ ಇಟ್ಟುಕೊಂಡವು. ಕೆಲವು ತಮ್ಮ ಬರಿಯ ನಾಮವನ್ನು ಉಳಿಸಿಕೊಂಡವು. ಆದರೆ ಕ್ರೈಸ್ತ ಕುಟುಂಬದ ಪದ್ಧತಿಯಲ್ಲಿ ಮನೆತನದ ಹೆಸರು ತಂದೆಯಿಂದ ಮಕ್ಕಳಿಗೆ ಇಳಿಯತೊಡಗಿತು. ಇದರ ಪರಿಣಾಮವೇನೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ.

ಮೂಲ್ಕಿ ಸೀಮೆಯಲ್ಲಿ ೧೮೬೦ರ ಸುಮಾರಿಗೆ ಬಂಗೇರ ಬರಿಯವನೊಬ್ಬನು ಸಭೆಗೆ ಸೇರಿದನೆಂದು ಭಾವಿಸೋಣ. ಅವನ ಹೆಂಡತಿಯು ಕೋಟ್ಯಾನ್ ಬರಿಯವಳು. ಹಳೆಯ ಕಟ್ಟಿನಲ್ಲಿ ಇದ್ದಿದ್ದರೆ ಅವರ ಮಕ್ಕಳು ಕೋಟ್ಯಾನರಾಗುತ್ತಿದ್ದರು. ಹೊಸ ಕ್ರಮದಲ್ಲಿ ಅವರು ತಂದೆಯಂತೆ ಬಂಗೇರರೆನಿಸಿದರು. ಆದರೆ ಆ ತಂದೆಗೆ ಬಂಗೇರನೆಂಬ ಹೆಸರು ಎಲ್ಲಿಂದ ಬಂದಿತ್ತು? ತನ್ನ ತಾಯಿಯಿಂದ. ಆದುದರಿಂದ ಇಂದು ಅವರ ಐದನೆಯ ತಲೆಮಾರಿನ ಹುಡುಗಿಯು ತನ್ನ ಪುಸ್ತಕದ ಮೇಲೆ ಬಂಗೇರ ಎಂದು ಬರೆಯುವಾಗ ಅವಳು ಬರೆಯುವುದು, ನೋಟಕ್ಕೆ ತಂದೆಯ ಮನೆತನದ ಹೆಸರಾದರೂ, ನಿಜವಾಗಿ ಆ ಮೊದಲನೆಯ ವಿಶ್ವಾಸಿಯ ತಾಯಿಯ ಹೆಸರು. ಆ ತಾಯಿಯು ಪ್ರಾಯಶಃ ದೀಕ್ಷಾಸ್ನಾನ ಹೊಂದದೆ ಹಳೆಯ ಮನೆಯಲ್ಲೇ ಉಳಿದಿರಬಹುದು. ಹಾಗಾದರೆ ಸಭೆಯ ದಫ್ತರದಲ್ಲಿ ಅವಳ ಹೆಸರೇ ಇರಲಾರದು. ಆದರೂ ಅವಳ ಗುರುತನ್ನು ನಾಲ್ಕೈದು ತಲೆಮಾರುಗಳು ಹೊತ್ತುಕೊಂಡು ಬಂದಿವೆ. ಇತ್ತ ಗಂಡನೊಡನೆ ಹೊರಟುಬಂದ ಕೋಟ್ಯಾನ್ ಹೆಂಗಸಿನ ಬರಿಯು ಆ ಮನೆಯಲ್ಲಿ ಅವಳೊಡನೆಯೇ ನಿಂತುಹೋಯಿತು.

ಕೌಂಡಿನ್ಯ ಎಂಬ ಹೆಸರನ್ನು ಇದರೊಡನೆ ಹೋಲಿಸಿ ನೋಡಬಹುದು. ಅದು ಗೋತ್ರದ ಹೆಸರು. ಗೋತ್ರವು ತಂದೆಯಿಂದ ಮಗನಿಗೆ ಬರುವಂಥದು. ಒಂದೇ ಸಭೆಯಲ್ಲಿ ಪಕ್ಕಪಕ್ಕದಲ್ಲಿ ಕುಳಿತ ಎರಡು ಮನೆತನಗಳಲ್ಲಿ ಒಂದರ ಹೆಸರು ಪಿತೃಮೂಲವನ್ನೂ ಮತ್ತೊಂದರ ಹೆಸರು ಮಾತೃಮೂಲವನ್ನೂ ತೋರಿಸುತ್ತದೆ. ಹೆಸರನ್ನು ಓದುವವರು ಈ ಭೇದವನ್ನು ಮರೆಯಬಾರದು.

೪. ಹೆಣ್ಣುಮಕ್ಕಳಿಗೆ ಆದ ಲಾಭನಷ್ಟಗಳು

ಈ ಬದಲಾವಣೆಯಿಂದ ಸ್ತ್ರೀಯರಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ನ್ಯಾಯವಲ್ಲ. ಅಳಿಯಸಂತಾನದ ಹೆಂಗಸಿಗೆ ತನ್ನ ಕುಟುಂಬದ ಮನೆಯಲ್ಲಿ ಜೀವಮಾನವೆಲ್ಲ ಇರುವ ಹಕ್ಕಿತ್ತು. ವಿಧವೆಯಾದರೆ ಅಥವಾ ಗಂಡನೊಡನೆ ಬಾಳುವೆ ಕೂಡಿಬರದಿದ್ದರೆ ಆ ಮನೆಯ ಬಾಗಿಲು ಅವಳಿಗೆ ತೆರೆದೇ ಇರುತ್ತಿತ್ತು. ಹಿರಿಯಳಾದರೆ ಅವಳು ಯಜಮಾನ್ತಿಯೂ ಆಗಬಹುದಾಗಿತ್ತು. ಗಂಡನ ಹಿಂದೆ ಮಿಶನ್ ಹಿತ್ತಲಿಗೆ ಬಂದ ಹೆಂಗಸು ಈ ಆಸರೆಯನ್ನು ಬಿಟ್ಟು ಬಂದಳು. ಗಂಡನು ಬಿಟ್ಟದ್ದು ತನ್ನ ಕಸುಬನ್ನೂ ಬಂಧುಗಳನ್ನೂ. ಹೆಂಡತಿಯಾದರೋ ಅವುಗಳೊಡನೆ ತನ್ನ ಸ್ವಂತ ಮನೆಯ ಭದ್ರತೆಯನ್ನೂ ಬಿಟ್ಟಳು. ಸಭೆಯ ಚರಿತ್ರೆಯನ್ನು ಬರೆಯುವವರು ಅವಳ ಈ ತ್ಯಾಗವನ್ನು ಬೇರೆಯಾಗಿಯೇ ಎಣಿಸತಕ್ಕದ್ದು.

ಇನ್ನೊಂದು ಪಕ್ಕದಲ್ಲಿ ಅವಳ ಮಗಳಿಗೆ ಅಕ್ಷರವು ದೊರೆಯಿತು. ಹೆಣ್ಣುಮಕ್ಕಳಿಗೆ ಓದು ಬೇಡವೆಂದು ನಾಡೆಲ್ಲ ಹೇಳುತ್ತಿದ್ದ ಕಾಲದಲ್ಲಿ ಮಿಶನಿನ ಬಾಲಿಕಾಶಾಲೆಗಳೂ ವಸತಿಶಾಲೆಗಳೂ ಮಂಗಳೂರು ಮೂಲ್ಕಿಗಳಲ್ಲಿ ನಡೆದುವು. ಗ್ರೈನರ್ ಮತ್ತು ಅಮ್ಮನ್ ಇವರ ಶ್ರಮದಿಂದ ತುಳುವಿನ ಹೊಸ ಒಡಂಬಡಿಕೆಯು ೧೮೪೭ರಲ್ಲಿ ಅಚ್ಚಾಗಿ, ಮನೆಯಲ್ಲಾಡುವ ಮಾತೇ ಪುಸ್ತಕದ ಮಾತಾಯಿತು. ಆಸ್ತಿಯ ವಿಷಯದಲ್ಲಿಯೂ ೧೮೬೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಕ್ರೈಸ್ತರಿಗೆ ಅನ್ವಯವಾಗಿ, ಉಯಿಲು ಬರೆಯದೆ ಸತ್ತವನ ಆಸ್ತಿಯಲ್ಲಿ ವಿಧವೆಗೆ ಮೂರನೆಯ ಒಂದು ಭಾಗವೂ ಉಳಿದುದರಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲೂ ನಿಶ್ಚಯವಾಯಿತು. ೧೯೨೫ರ ಕಾಯಿದೆಯಲ್ಲಿಯೂ ಈ ಸಮಪಾಲು ಮುಂದುವರಿಯಿತು. ಆದರೆ ಬಾಡಿಗೆಯ ಮನೆಯಲ್ಲಿ ಕೂಲಿಯಿಂದ ಜೀವಿಸುವವನಿಗೆ ಹಂಚತಕ್ಕ ಆಸ್ತಿ ಎಷ್ಟಿದ್ದೀತು? ಮೊದಲ ತಲೆಮಾರಿನ ಮಗಳು ತಂದೆತಾಯಿಗಳಿಂದ ನಿಜವಾಗಿ ಪಡೆದ ಪಾಲು ವಿದ್ಯೆಯೇ ಎನ್ನಬೇಕು.

೫. ದಾಖಲೆಗಳನ್ನು ಓದುವ ಕ್ರಮ

ಕುಟುಂಬದ ಚರಿತ್ರೆಯನ್ನು ವಿಚಾರಿಸಲು ನಮಗಿರುವ ಸಾಧನಗಳು ಕೆಲವು. ಸಭೆಯ ದೀಕ್ಷಾಸ್ನಾನ, ವಿವಾಹ, ಸಮಾಧಿ ಎಂಬ ಮೂರು ದಫ್ತರಗಳು ಮೊದಲನೆಯವು. ಸಮಾಧಿಯ ಕಲ್ಲುಗಳೂ ಮನೆಯ ಹಳೆಯ ಸತ್ಯವೇದದ ಮೊದಲ ಹಾಳೆಯಲ್ಲಿ ಬರೆದಿಟ್ಟ ಜನನಮರಣಗಳೂ ಎರಡನೆಯವು. ಬಾಸೆಲ್ ನಗರದಲ್ಲಿಯೂ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿಯೂ ಕಾಪಾಡಲ್ಪಟ್ಟಿರುವ ಮಿಶನಿನ ಕಾಗದಪತ್ರಗಳೂ ಛಾಯಾಚಿತ್ರಗಳೂ ಮೂರನೆಯವು. ೧೯೧೪ರ ಮಹಾಯುದ್ಧದಿಂದಾಗಿ ಜರ್ಮನ್ ಮಿಶನರಿಗಳು ಈ ನಾಡನ್ನು ಬಿಡಬೇಕಾಗಿ ಬಂದು ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದುವಾದ್ದರಿಂದ, ಕೆಲಸಗಾರರ ಲೆಕ್ಕಪತ್ರಗಳನ್ನು ಹುಡುಕುವವರು ಆ ವರ್ಷಗಳ ಬದಲಾವಣೆಯನ್ನು ನೆನಪಿನಲ್ಲಿಡಬೇಕು.

ಇವನ್ನು ಓದುವಾಗ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಹಳೆಯ ಹಂಚಿನ ಮೇಲೆ ೧೮೬೫ ಎಂದು ಅಚ್ಚಿದ್ದರೆ ಮನೆಯು ಆ ವರ್ಷದ್ದೆಂದು ತಿಳಿಯಬಾರದು. ಅದು ಕಾರ್ಖಾನೆಯು ಹುಟ್ಟಿದ ವರ್ಷ. ಎರಡನೆಯದಾಗಿ, ಬರಿ ಒಂದೇ ಆದ ಮಾತ್ರಕ್ಕೆ ಎರಡು ಮನೆಗಳು ಒಂದೇ ಕುಟುಂಬವೆಂದು ಹೇಳಲಾಗದು. ಒಂದೇ ಬರಿಯ ನಾಮವು ಬೇರೆ ಬೇರೆ ಜಾತಿಗಳಲ್ಲಿಯೂ ಉಂಟು. ಮೂರನೆಯದಾಗಿ, ಬರಿಯು ಮನೆತನದ ಹೆಸರಾಗಿ ಯಾವ ತಲೆಮಾರಿನಲ್ಲಿ ನಿಂತಿತೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ತಂದೆಯ ಕಾಲದಲ್ಲಿ ನಿಂತಿದ್ದರೆ ಅದು ಅಜ್ಜಿಯ ಬರಿ. ತಾಯಿಯ ಬರಿಯನ್ನು ಪಡೆದಿದ್ದ ಮಗನ ಕಾಲದಲ್ಲಿ ನಿಂತಿದ್ದರೆ ಅದು ತಾಯಿಯ ಬರಿ.

ಬರವಣಿಗೆಯಲ್ಲಿಲ್ಲದ ಸಾಧನವೊಂದು ಇನ್ನೂ ಉಳಿದಿದೆ. ಅದು ಹಿರಿಯರ ಬಾಯಿಮಾತು. ತುಳುವಿನ ಪಾಡ್ದನಗಳಲ್ಲಿ ಮನೆ, ಬರಿ, ತಾಯಿ, ಮಾವ ಇವರ ಹೆಸರುಗಳು ತಲೆಮಾರುಗಳ ತನಕ ಬಾಯಿಂದ ಬಾಯಿಗೆ ಉಳಿದುಬಂದುವು. ಮಿಶನರಿ ಮೆನ್ನರ್ ಎಂಬವರು ಅವುಗಳಲ್ಲಿ ಕೆಲವನ್ನು ಕೂಡಿಸಿ ೧೮೮೬ರಲ್ಲಿ ಅಚ್ಚುಹಾಕಿಸಿದರು; ಅದೇ ವರ್ಷ ಅವರ ತುಳು ನಿಘಂಟೂ ಪ್ರಕಟವಾಯಿತು. ಪರದೇಶದವರೊಬ್ಬರು ಅಂದು ಕೇಳಿ ಬರೆದುಕೊಂಡಂತೆ ನಮ್ಮ ಮನೆಯ ಅಜ್ಜಿಯರ ಮಾತನ್ನು ನಾವು ಕೇಳಿ ಬರೆದುಕೊಳ್ಳದಿದ್ದರೆ ಅದು ಅವರೊಡನೆಯೇ ಹೋಗುವುದು.

ಮೂಲವು ಬಡತನದ್ದೆಂದೂ ಕಸುಬು ಕೀಳೆಂದೂ ಭಾವಿಸಿ ಹಿಂದಿನದನ್ನು ಮುಚ್ಚಿಡುವ ಮನೆಗಳೂ ಇಲ್ಲದಿಲ್ಲ. ಇದು ತರವಲ್ಲ. ತಾಳೆಯ ಮರವನ್ನು ಹತ್ತಿ ಸಂಸಾರವನ್ನು ಸಾಕಿದವನ ಕಷ್ಟದಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ. ಸತ್ಯವೇದದಲ್ಲಿ ಮತ್ತಾಯನು ಬರೆದ ಸುವಾರ್ತೆಯು ವಂಶಾವಳಿಯಿಂದಲೇ ಆರಂಭವಾಗುತ್ತದೆ. ತಂದೆಗಳ ಆ ದೀರ್ಘವಾದ ಪಟ್ಟಿಯ ನಡುವೆ ತಾಮಾರಳೂ ರಾಹಾಬಳೂ ರೂತಳೂ ಊರೀಯನ ಹೆಂಡತಿಯೂ ಬರುತ್ತಾರೆ. ಪರಜಾತಿಯವರನ್ನಾಗಲಿ ಲೋಕವು ಆಡಿಕೊಂಡವರನ್ನಾಗಲಿ ಬರೆದವನು ಬಿಟ್ಟುಬಿಡಲಿಲ್ಲ. ನಮ್ಮ ಮನೆಗಳ ವಂಶಾವಳಿಗಳೂ ಹಾಗೆಯೇ ಇರತಕ್ಕವು.

ಅಭ್ಯಾಸ

ಮುಂದಿನ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ತನ್ನ ಮನೆಯ ಹಿರಿಯರನ್ನು ಈ ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ.

(ಅ) ನಮ್ಮ ಮನೆತನದ ಹೆಸರು ಬರಿಯೋ, ಗೋತ್ರವೋ, ಊರಿನ ಹೆಸರೋ, ಸತ್ಯವೇದದ ಹೆಸರೋ? ಅದು ಯಾರ ಕಾಲದಿಂದ ನಡೆದುಬಂದಿದೆ?

(ಆ) ನಮ್ಮವರು ಈ ಊರಿಗೆ ಯಾವ ಊರಿನಿಂದ ಬಂದರು? ಅಲ್ಲಿದ್ದ ಮನೆಯನ್ನು ಜನರು ಏನೆಂದು ಕರೆಯುತ್ತಿದ್ದರು?

(ಇ) ಅಜ್ಜಿಯ ತಾಯಿಯ ಹೆಸರೇನು? ದೀಕ್ಷಾಸ್ನಾನಕ್ಕೆ ಮೊದಲು ಅವಳ ಅಥವಾ ಅವಳ ಹಿರಿಯರ ಹೆಸರು ಏನಿತ್ತು? ಅವಳ ಬರಿ ಯಾವುದು?

(ಈ) ಹಳೆಯ ಮನೆಯಲ್ಲಿ ಉಳಿದ ಬಂಧುಗಳು ಯಾರು? ಅವರ ಸಂತತಿಯವರು ಈಗ ಎಲ್ಲಿದ್ದಾರೆ?

ಇವುಗಳಲ್ಲಿ ಮೂರನೆಯ ಪ್ರಶ್ನೆಗೆ ಉತ್ತರ ದೊರೆಯುವುದು ಎಲ್ಲಕ್ಕಿಂತ ಕಷ್ಟ. ಆದುದರಿಂದ ಅದನ್ನೇ ಮೊದಲು ಕೇಳತಕ್ಕದ್ದು.